ಪಾಟಾ ಪುರಾಣ

ನಮ್ಮದು ಎರಡು ಮನೆ. ಒಂದಕ್ಕೆ ನಾಲ್ಕು ಗೋಡೆ, ಇನ್ನೊಂದಕ್ಕೆ ಆರು ಗಾಲಿ. ಈ ಸಲ ಬರೆಯುತ್ತಿರುವುದು ಎರಡನೆಯದರ ಬಗ್ಗೆ. ಅದೂ ಇಡೀ ಗಾಡಿಯ ಬಗ್ಗೆ ಅಲ್ಲ, ಅದರ ಹಿಂದಿನ ಗಾಲಿಗಳ ಮೇಲೆ ಬಿಲ್ಲಿನ ಹಾಗೆ ಬಾಗಿ ಕೂತಿರುವ ಉಕ್ಕಿನ ಪಟ್ಟಿಗಳ ಬಗ್ಗೆ. ಆಫೀಸು, ಟ್ರಾಫಿಕ್ಕು, ಮಳೆಯಲ್ಲಿ ಕಾಫಿ ಇವನ್ನೇ ಓದಿ ಓದಿ ಬೇಜಾರಾದವರಿಗೆ ಒಂದು ಬದಲಾವಣೆ ಆದೀತು. ಗ್ರೀಸು ಮೆತ್ತಿದ ಬರಹ ಬೇಡ ಅನ್ನುವವರು ಈಗಲೇ ಎದ್ದು ಹೋಗಬಹುದು, ಬೇಸರವಿಲ್ಲ :-)

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕಿನಲ್ಲಿ ಆ ಪಟ್ಟಿಗಳಿಗೆ 'ಪಾಟಾ' ಅನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ "ಪಾಟಾ ಕಟ್ ಆಗಿದೆ" ಅಂದಾಗ ಹುಡುಗ ನನ್ನ ಕಾಲಿನ ಕಡೆ ನೋಡಿದ್ದ. ಪಾದಕ್ಕೆ ಪೆಟ್ಟಾಗಿದೆ ಅಂದುಕೊಂಡನೋ ಏನೋ. ಆಮೇಲೆ ಕೈಯಲ್ಲಿ ಬಿಲ್ಲು ತೋರಿಸಿದ ಮೇಲೆ "ಓ, ಕಮಾನ್ ಪಟ್ಟೆನಾ ಸಾರ್!" ಅಂದ. ನಾನು ಮಾತ್ರ ಇಲ್ಲಿ ಪಾಟಾ ಅಂತಲೇ ಬರೆಯುತ್ತೇನೆ.

ಗಾಡಿಯ ಪರಿಚಯ ಮಾಡಿಕೊಡುತ್ತೇನೆ. ಟಾಟಾ 407. ಟಾಟಾದವರು ಈ ಮಾಡೆಲ್ ಬಿಟ್ಟಿದ್ದು 1986ರಲ್ಲಿ. ನಮ್ಮದು 1994ರದ್ದು, ಅಂದರೆ ನನಗಿಂತ ಮೂರು ವರ್ಷ ದೊಡ್ಡದು. ಮೊದಲ ಹದಿನೈದು ವರ್ಷ ಶಾಲೆಯೊಂದರ ಮಕ್ಕಳನ್ನು ಹೊತ್ತು ತಿರುಗಿತ್ತು. 2009ರಲ್ಲಿ ಅದು ಮೂಲೆಗೆ ನಿಂತಾಗ ನಮ್ಮ ಕಾಕಾ ಅಗ್ಗಕ್ಕೆ ಕೊಂಡು ತಂದ. ಸೀಟುಗಳನ್ನು ಬಿಚ್ಚಿಸಿ ಎರಡು ಮಂಚ, ಒಂದು ಒಲೆ ಕಟ್ಟೆ, ಒಂದು ಕಪಾಟು, ಹಿಂದುಗಡೆ 200 ಲೀಟರಿನ ನೀರಿನ ಟಾಕಿ ಕೂಡಿಸಿದ. ಚಿಕ್ಕೋಡಿ ಆರ್‌ಟಿಓಗೆ ಹತ್ತು ಸಲ ಅಲೆದು, ಮಾಡಿದ ಬದಲಾವಣೆಯನ್ನೆಲ್ಲ ಆರ್‌ಸಿಯಲ್ಲಿ ಬರೆಸಿ, ಕೆಎ-23ರ ಗಾಡಿಯನ್ನು ಕಾಯ್ದೆ ಪ್ರಕಾರ ಮನೆ ಮಾಡಿದ. ಅಮೆರಿಕದವರು ಯೂಟ್ಯೂಬಿನಲ್ಲಿ ಮೋಟಾರ್‌ಹೋಮ್ ಅಂತ ತೋರಿಸುತ್ತಾರಲ್ಲ, ಅದರ ರಾಯಬಾಗ ಆವೃತ್ತಿ ಅನ್ನಿ. ನಮ್ಮೂರಲ್ಲಿ ಅದರ ಹೆಸರು 'ಆಯಿ ಗಾಡಿ'. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಕಾಕಾ ಅದನ್ನು ಮಾಡಿಸಿದ್ದೇ ತನ್ನ ಅವ್ವನಿಗಾಗಿ, ಅಂದರೆ ನನ್ನ ಆಯಿಗಾಗಿ.

ಒಂದು ತಮಾಷೆ ಕೇಳಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳ ನಿಯಮ ತಂದಾಗ 50 ವರ್ಷ ಆದರೆ ಮಾತ್ರ ವಿಂಟೇಜ್ ಅಂದಿತು. ಆ ಲೆಕ್ಕದಲ್ಲಿ ನಮ್ಮದು ಇನ್ನೂ ಹರೆಯದ ಗಾಡಿ. ಐದು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸಲು ಹೋದಾಗ ಮಾತ್ರ ಎಲ್ಲರೂ ಅದನ್ನು ಮುದುಕಿಯ ಹಾಗೆ ನೋಡುತ್ತಾರೆ.

ಇಂಥ ಗಾಡಿ ಯಾಕೆ ಬೇಕಿತ್ತು ಅಂತ ಕೇಳುವವರು ಒಮ್ಮೆ ರಾಯಬಾಗ ತಾಲೂಕಿನ ಚಿಂಚಲಿಗೆ ಬರಬೇಕು. ಭಾರತ ಹುಣ್ಣಿಮೆಗೆ ಅಲ್ಲಿ ಮಾಯಕ್ಕನ ಜಾತ್ರೆ. ಮಹಾರಾಷ್ಟ್ರದ ಕಡೆಯಿಂದ ಎತ್ತಿನ ಬಂಡಿ ಕಟ್ಟಿಕೊಂಡು ಮಂದಿ ಬರುತ್ತಾರೆ. ಬಂಡಿಯ ಕೆಳಗೇ ಒಲೆ, ಬಂಡಿಯ ಮೇಲೇ ಹಾಸಿಗೆ. ಆಯಿ ಮದುವೆಯಾಗಿ ಬಂದಾಗ ನಮ್ಮ ಮನೆಯಲ್ಲೂ ಕೊಲ್ಲಾರಿ ಬಂಡಿ ಇತ್ತಂತೆ. ಸವದತ್ತಿ, ಚಿಂಚಲಿ, ಪಂಢರಾಪುರ ಎಲ್ಲವೂ ಅದರಲ್ಲೇ. "ಅದಕ್ಕ ಪಾಟಾ-ಗೀಟಾ ಏನೂ ಇರಲಿಲ್ಲ ತಮ್ಮಾ, ಕಣಿಕಿ ಹಾಸಿ ಮ್ಯಾಲ ಕೌದಿ ಹಾಕಿದ್ರ ಅದ ಪಾಟಾ" ಅನ್ನುತ್ತಾಳೆ. ಬಂಡಿಗೆ ಬಾಗುವ ವಸ್ತು ಅಂತ ಇದ್ದದ್ದು ಜೋಳದ ಕಣಿಕಿ ಒಂದೇ. ಆದರೆ ಎತ್ತು ಗಂಟೆಗೆ ನಾಲ್ಕು ಕಿಲೋಮೀಟರು ನಡೆಯುವಾಗ ಅಷ್ಟು ಸಾಕಾಗುತ್ತಿತ್ತು.

ಈಗ ವಿಷಯಕ್ಕೆ ಬರೋಣ.

2024ರ ಮೇ ತಿಂಗಳಲ್ಲಿ ಆಯಿ ಹಿತ್ತಲಿನಲ್ಲಿ ಕಾಲು ಜಾರಿ ಬಿದ್ದಳು. ಬೆನ್ನುಮೂಳೆಯ ಒಂದು ಮಣಿ ಕುಸಿದಿದೆ ಅಂದರು ಮಿರಜಿನ ಡಾಕ್ಟರು. ಮೂರು ತಿಂಗಳು ಹಾಸಿಗೆ, ಬೆಲ್ಟು, ಮಾತ್ರೆ. ಗಣಪತಿ ಹಬ್ಬಕ್ಕೆ ನಾನು ಊರಿಗೆ ಹೋದಾಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದಳು. ನಡೆಯೋಕೆ ಶುರು ಮಾಡಿದ್ದೇ ತಡ, "ಕಾರ್ತಿಕಿ ಏಕಾದಶಿಗೆ ಪಂಢರಾಪುರಕ್ಕ ಹೋಗಬೇಕು" ಅಂತ ಹಟ. ಆ ವರ್ಷ ಏಕಾದಶಿ ನವೆಂಬರ್ 12ಕ್ಕೆ ಇತ್ತು. ಡಾಕ್ಟರನ್ನು ಕೇಳಿದರೆ ಅವರು ಬೇಡ ಅನ್ನಲಿಲ್ಲ, ಷರತ್ತು ಹಾಕಿದರು. ಮಲಗಿಸಿಕೊಂಡು ಹೋಗಿ, ನಿಧಾನವಾಗಿ ಹೋಗಿ, ಕುಲುಕು ಮಾತ್ರ ಬೇಡ. ಇನ್ನೊಂದು ಜೋರು ಧಡಕಿ ಬಿದ್ದರೆ ಪಕ್ಕದ ಮಣಿಯೂ ಕುಸಿಯಬಹುದು.

ಕುಲುಕು ಮಾತ್ರ ಬೇಡ! ನಮ್ಮ ರಸ್ತೆಗಳನ್ನು ನೋಡಿದವರಿಗೆ ನಗು ಬರಬೇಕು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ಹೋದ ಮೇಲೆ ಡಾಂಬರು ಎಲ್ಲಿ, ತಗ್ಗು ಎಲ್ಲಿ ಅಂತ ಹುಡುಕಬೇಕು. ಸಾಲದ್ದಕ್ಕೆ ಗಾಡಿಯ ಹಿಂಭಾಗ ಎಡಕ್ಕೆ ಎರಡು ಬೆರಳು ಕುಸಿದಿತ್ತು. ಸಣ್ಣ ತಗ್ಗಿಗೂ ಹಿಂದಿನಿಂದ 'ಧಡ್' ಅಂತ ಸದ್ದು. ಖಾಲಿ ಡಬ್ಬಿ ರಸ್ತೆಗೆ ಎಸೆದ ಹಾಗೆ.

ಮನೆಯಲ್ಲಿ ಮೂರು ಪಕ್ಷ ಆಯಿತು. ಕಾಕಾನ ಮಗ, ನನ್ನ ತಮ್ಮ, "ಇದನ್ನ ಮಾರಿ ಬಿಡೂಣು, ಬಾಡಿಗಿ ಕಾರ್ ತಗೊಂಡ ಹೋಗೂಣು" ಅಂದ. ಕಾರಿನಲ್ಲಿ ಆಯಿಯನ್ನು ಪೂರ್ತಿ ಚಾಚಿ ಮಲಗಿಸುವುದು ಹೇಗೆ, ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಬಚ್ಚಲಿಗೆ ಏನು ಮಾಡುವುದು ಅಂತ ಕಾಕೂ ಕೇಳಿದಳು. ಉತ್ತರ ಇರಲಿಲ್ಲ. ಅಪ್ಪ ಪುಣೆಯಿಂದ ಫೋನಿನಲ್ಲಿ "ಈ ವರ್ಷ ಹೋಗುವುದೇ ಬೇಡ" ಅಂದ. ಕಾಕಾನ ಪರಿಹಾರ ಮೂರನೆಯದು. "ಎಡಕ್ಕೊಂದು ಬಲಕ್ಕೊಂದು ದಪ್ಪ ಪಾಟಾ ಜಾಸ್ತಿ ಹಾಕಿಸ್ತೇನಿ. ಗಟ್ಟಿ ಆದ್ರ ಮುಗೀತಲ್ಲ?"

ಗಟ್ಟಿ ಆದರೆ ಒಳ್ಳೆಯದು. ಕಬ್ಬು, ಇಟ್ಟಿಗೆ, ಉಸುಕು ಹೇರುವ ಊರಿನಲ್ಲಿ ಈ ಮಾತನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಲಾರಿಯ ಮಟ್ಟಿಗೆ ಅದು ನಿಜ ಕೂಡ. ಆದರೆ ನಾವು ಹೇರುವುದು ಕಬ್ಬಲ್ಲ, ಆಯಿಯನ್ನು.

ನಾನು ಓದಿದ್ದು ಮೆಕ್ಯಾನಿಕಲ್, ಅನ್ನ ತಿನ್ನುತ್ತಿರುವುದು ಜಾವಾದಿಂದ. ವಿಟಿಯುದಲ್ಲಿ ಆಗ 'ಡಿಸೈನ್ ಆಫ್ ಮಷೀನ್ ಎಲಿಮೆಂಟ್ಸ್' ಅಂತ ಒಂದು ವಿಷಯ ಇತ್ತು. ಪರೀಕ್ಷೆಗೆ ಡೇಟಾ ಹ್ಯಾಂಡ್‌ಬುಕ್ ಒಯ್ಯಬಹುದಿತ್ತು, ಆದರೂ ಹುಡುಗರು ಫೇಲಾಗುತ್ತಿದ್ದ ವಿಷಯ. ಅದರಲ್ಲಿ ಲೀಫ್ ಸ್ಪ್ರಿಂಗ್ ಅಂತ ಒಂದು ಪಾಠ. ಕೆಲಸಕ್ಕೆ ಸೇರಿದ ಮೇಲೆ ಆ ಪಾಠ ಒಮ್ಮೆಯೂ ಬೇಕಾಗಿರಲಿಲ್ಲ. ಆ ಹಬ್ಬದ ರಾತ್ರಿ ಅಟ್ಟದ ಮೇಲಿಂದ ಹ್ಯಾಂಡ್‌ಬುಕ್ ಇಳಿಸಿದೆ. ಜಿರಳೆ ತಿಂದು ಉಳಿದಿತ್ತು.

ಪಾಟಾದ ಕೆಲಸ ಸರಳ. ಉದ್ದದ ಮೇನ್ ಪಾಟಾದ ಎರಡೂ ತುದಿಗೆ ಸುರುಳಿ ಕಣ್ಣು ಇರುತ್ತದೆ. ಮುಂದಿನ ಕಣ್ಣು ಚಾಸಿಗೆ ಪಿನ್ನಿನಿಂದ ನೇರ ಹಿಡಿದಿರುತ್ತದೆ. ಹಿಂದಿನದು ಶಾಕಲ್ ಎಂಬ ಸಣ್ಣ ಜೋಕಾಲಿಯಲ್ಲಿ ತೂಗುತ್ತದೆ, ಯಾಕೆಂದರೆ ಬಿಲ್ಲು ಚಪ್ಪಟೆಯಾದಾಗ ಅದರ ಉದ್ದ ಬೆಳೆಯುತ್ತದೆ, ಆ ಹೆಚ್ಚಿನ ಉದ್ದಕ್ಕೆ ಜಾಗ ಬೇಕು. ಮೇನ್ ಪಾಟಾದ ಕೆಳಗೆ ಗಿಡ್ಡ, ಇನ್ನೂ ಗಿಡ್ಡ ಅಂತ ಒಂದರ ಕೆಳಗೊಂದು. ಎಲ್ಲವನ್ನೂ ನಡುವಿನಲ್ಲಿ ಒಂದು ಸೆಂಟರ್ ಬೋಲ್ಟ್ ಪೋಣಿಸಿರುತ್ತದೆ. ಇಡೀ ಕಟ್ಟನ್ನು ಯು ಬೋಲ್ಟುಗಳು ಹಿಂದಿನ ಹೌಸಿಂಗಿಗೆ ಬಿಗಿದಿರುತ್ತವೆ. ಗಾಲಿ ಮೇಲೆದ್ದಾಗ ಪಾಟಾ ಬಾಗುತ್ತದೆ, ಪಟ್ಟಿಗಳು ಒಂದರ ಮೇಲೊಂದು ಉಜ್ಜಿ ಸರಿಯುತ್ತವೆ. ಆ ಉಜ್ಜುವಿಕೆಯೇ ಕುಣಿತವನ್ನು ಸ್ವಲ್ಪ ತಡೆಯುತ್ತದೆ. ಉಳಿದದ್ದನ್ನು ಜಂಪರ್ ನೋಡಿಕೊಳ್ಳುತ್ತದೆ. 1804ರಲ್ಲಿ ಇಂಗ್ಲೆಂಡಿನ ಒಬದಯಾ ಎಲಿಯಟ್ ಕುದುರೆ ಸಾರೋಟಿಗೆ ಇಂಥ ಸ್ಪ್ರಿಂಗಿನ ಪೇಟೆಂಟ್ ಪಡೆದ. ಇನ್ನೂರು ವರ್ಷ ದಾಟಿದರೂ ಮೂಲ ವಿಚಾರ ಅದೇ.

ಈಗ ಕಾಕಾನ ದಪ್ಪ ಪಾಟಾದ ಲೆಕ್ಕ. ಪಟ್ಟಿಯ ಗಡಸುತನ ಅದರ ದಪ್ಪದ ಘನಕ್ಕೆ ಅನುಗುಣ. 8 ಮಿ.ಮೀ. ಪಟ್ಟಿಯ ಜಾಗಕ್ಕೆ 10 ಮಿ.ಮೀ. ಪಟ್ಟಿ ಹಾಕಿದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಎರಡೇ ಮಿಲಿಮೀಟರು, ಆದರೆ ಆ ಪಟ್ಟಿ ಹೆಚ್ಚುಕಡಿಮೆ ಎರಡು ಪಟ್ಟು ಗಡಸು. ಗಡಸಾದರೆ ಏನಾಗುತ್ತದೆ? ಹೊರೆಗೆ ಪಾಟಾ ಎಷ್ಟು ತಗ್ಗುತ್ತದೆ ಅನ್ನುವುದರ ಮೇಲೆ ಗಾಡಿ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅನ್ನುವುದು ನಿಂತಿದೆ. 10 ಸೆಂ.ಮೀ. ತಗ್ಗಿದರೆ ಸೆಕೆಂಡಿಗೆ ಸುಮಾರು ಒಂದೂವರೆ ಸಲ, ಅಂದರೆ ತೊಟ್ಟಿಲಿಗಿಂತ ಸ್ವಲ್ಪ ಜೋರು. 2.5 ಸೆಂ.ಮೀ. ಮಾತ್ರ ತಗ್ಗಿದರೆ ಸೆಕೆಂಡಿಗೆ ಮೂರು ಸಲ. ಇನ್ನೂ ಗಡಸು ಮಾಡುತ್ತ ಹೋದರೆ ನಾಲ್ಕಕ್ಕೆ ಮುಟ್ಟುತ್ತದೆ. ಮನುಷ್ಯರ ಮೈ ಮೇಲೆ-ಕೆಳಗೆ ಅಲುಗಾಟವನ್ನು ಅತಿ ಹೆಚ್ಚು ತಡೆಯಲಾರದ್ದು ಸೆಕೆಂಡಿಗೆ 4ರಿಂದ 8 ಸಲದ ನಡುವೆ. ಮಗನ ಪ್ರೀತಿ ಅವ್ವನ ಬೆನ್ನನ್ನು ಸೀದಾ ಅಲ್ಲಿಗೇ ಒಯ್ಯುವುದರಲ್ಲಿತ್ತು.

ಇದನ್ನು ಕಾಕಾನಿಗೆ ಹೇಗೆ ಹೇಳುವುದು? ಹದಿನೈದು ವರ್ಷ ಆ ಗಾಡಿ ನಡೆಸಿದವನು ಅವನು. ಬೆಂಗಳೂರಿನಿಂದ ಬಂದು ಘನ, ವರ್ಗಮೂಲ ಅಂದರೆ "ನೀ ಕಂಪ್ಯೂಟರ್ ನೋಡ್ಕೊ" ಅಂದಾನು. ಹಾಗಾಗಿ ನಿಪ್ಪಾಣಿಗೆ ಹೋಗೋಣ, ಅಲ್ಲಿ ಪಾಟಾ ಕೆಲಸ ಮಾಡುವ ಚಾಚಾನನ್ನು ಕೇಳೋಣ ಅಂದೆ. ಅದಕ್ಕೆ ಒಪ್ಪಿದ.

ಚಾಚಾನ ಶೆಡ್ ಹೆದ್ದಾರಿಯ ಹತ್ತಿರ. ವಯಸ್ಸು ಎಪ್ಪತ್ತರ ಮೇಲೆ. ಗಾಡಿಯ ಕೆಳಗೆ ಗೋಣಿಚೀಲ ಹಾಸಿ ತೂರಿದವರು ಐದು ನಿಮಿಷ ಮಾತಾಡಲಿಲ್ಲ. ಹೊರಗೆ ಬಂದು ಕೇಳಿದ ಮೊದಲ ಪ್ರಶ್ನೆ: "ಇದರಾಗಿನ ಸಾಮಾನು ಯಾವಾಗ ಇಳಸ್ತೀರಿ?"

"ಇಳಸೂದಿಲ್ಲ ಚಾಚಾ. ಮನಿ ಅಲ್ಲೇನ್ರಿ ಅದು?" ಅಂದ ಕಾಕಾ.

"ಅದಕ್ಕ ಕುಂತೈತಿ. ಲಾರಿ ಹೊರಿ ಇಳೀತೈತಿ. ಫ್ಯಾಕ್ಟರಿಗೆ ಹೋತು, ಕಬ್ಬು ಇಳಸ್ತು, ಪಾಟಾ ಮ್ಯಾಲೆದ್ದು ಉಸಿರು ಬಿಡ್ತೈತಿ. ನಿಮ್ಮ ಗಾಡಿ ಹೊರಿ ಇಳಿಯೂದ ಇಲ್ಲ. ಹಗಲಿ ರಾತ್ರಿ ಹೊತ್ತ ನಿಂತೈತಿ. ವರ್ಷಕ್ಕ ಹದಿನೈದು ದಿನ ತಿರಗಿ ಮುನ್ನೂರೈವತ್ತು ದಿನ ಹೊತ್ತ ನಿಂತ್ರ, ಯಾವ ಪಾಟಾ ತಡೀತೈತ್ರಿ?"

ನಾನು ಓದಿದ ಪುಸ್ತಕದಲ್ಲಿ ಇದು ಇರಲಿಲ್ಲ ಅಂತಲ್ಲ. ನಿರಂತರ ಹೊರೆಯಲ್ಲಿ ಸ್ಪ್ರಿಂಗು ನಿಧಾನವಾಗಿ ತನ್ನ ಬಾಗು ಕಳೆದುಕೊಳ್ಳುತ್ತದೆ ಅಂತ ಒಂದು ಸಾಲು ಇತ್ತು. ಆದರೆ ಆ ಸಾಲು ಒಂದು ಮನೆಯ ಕಥೆ ಅಂತ ಹೊಳೆದದ್ದು ಚಾಚಾ ಹೇಳಿದಾಗ.

ಬಿಚ್ಚುವ ಮೊದಲು ತೂಕ ಮಾಡಿಸಿ ಅಂದರು. ಹತ್ತಿರದ ವಜನಕಾಟಾಕ್ಕೆ ಹೋದೆವು. ಇಡೀ ಗಾಡಿ 3,860 ಕಿಲೋ. ಮುಂದಿನ ಗಾಲಿ ಮಾತ್ರ ಹತ್ತಿಸಿದಾಗ 1,240. ಅಂದರೆ ಹಿಂದಿನ ಗಾಲಿಗಳ ಮೇಲೆ 2,620. ಆಮೇಲೆ ಎಡಗಡೆಯ ಗಾಲಿಗಳನ್ನು ಮಾತ್ರ ಹತ್ತಿಸಿ ನೋಡಿದರೆ 2,110, ಬಲಕ್ಕೆ ಉಳಿದದ್ದು 1,750. ಅಂದಾಜಿನ ತೂಕವೇ, ಆದರೂ ವ್ಯತ್ಯಾಸ ಸಣ್ಣದಲ್ಲ. ಒಲೆ ಕಟ್ಟೆ, ಕಪಾಟು, ಸಿಲಿಂಡರು ಎಲ್ಲ ಎಡಕ್ಕೆ. ಎಡಪಾಟಾ ಕುಸಿಯದೆ ಇನ್ನೇನು ಮಾಡೀತು?

ನೀರಿನ ಟಾಕಿಯದ್ದು ಇನ್ನೊಂದು ಕಥೆ. ಅದು ಹಿಂದಿನ ಗಾಲಿಗಳಿಗಿಂತ ಒಂದು ಮೀಟರು ಹಿಂದೆ, ಬಾಲದಲ್ಲಿತ್ತು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಮೂರು ಮೀಟರು ಅಂತ ಹಿಡಿಯಿರಿ. ತುಂಬಿದ ಟಾಕಿಯ 200 ಕಿಲೋ ನೀರು ಸನ್ನೆಗೋಲಿನ ಹಾಗೆ ಕೆಲಸ ಮಾಡಿ ಹಿಂದಿನ ಪಾಟಾಗಳ ಮೇಲೆ 267 ಕಿಲೋ ಆಗಿ ಕೂರುತ್ತದೆ, ಮುಂದಿನ ಗಾಲಿಗಳನ್ನು 67 ಕಿಲೋದಷ್ಟು ಎತ್ತುತ್ತದೆ. ಅದೇ ಟಾಕಿಯನ್ನು ಹಿಂದಿನ ಗಾಲಿಗಳಿಗಿಂತ ಒಂದು ಮೀಟರು ಮುಂದೆ ತಂದರೆ ಹಿಂದಕ್ಕೆ 133, ಮುಂದಕ್ಕೆ 67. ಒಂದು ಪೈಸೆಯ ಪಾಟಾ ಕೊಳ್ಳದೆ ಹಿಂದಿನ ಗಾಲಿಗಳಿಂದ 134 ಕಿಲೋ ಇಳಿದಂತೆ. ಈ ಲೆಕ್ಕವನ್ನು ಚಾಚಾನ ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದೆ. ಕಾಕಾ ತುಂಬ ಹೊತ್ತು ನೋಡಿದ. ಅವನು ಮೌನವಾಗಿ ನೋಡುತ್ತಾನೆ ಅಂದರೆ ಒಪ್ಪಿದ ಅಂತ.

ಪಾಟಾ ಬಿಚ್ಚಿದಾಗ ಉಳಿದ ಕಥೆ ಹೊರಬಿತ್ತು. ನಾಲ್ಕು ವರ್ಷದ ಹಿಂದೆ ಯಾವುದೋ ಊರಿನ ಯಾವುದೋ ಗ್ಯಾರೇಜಿನಲ್ಲಿ ಆಗಲೇ ಒಂದು ದಪ್ಪ ಪಾಟಾ ತೂರಿಸಿದ್ದರು. ಹೆಸರು ಬೇಡ. ಅದರ ಬಾಗು ಉಳಿದವಕ್ಕೆ ಹೊಂದುತ್ತಿರಲಿಲ್ಲ. ಎಡಗಡೆಯ ಮೂರನೆಯ ಪಾಟಾ ಸೀಳಿದ್ದಕ್ಕೆ ವೆಲ್ಡಿಂಗ್ ಮಾಡಿದ್ದರು, ವೆಲ್ಡಿಂಗಿನ ಪಕ್ಕದಲ್ಲೇ ಮತ್ತೆ ಸೀಳಿತ್ತು. ಪಾಟಾದ ಉಕ್ಕು ಸಿಲಿಕಾನ್, ಮ್ಯಾಂಗನೀಸ್ ಬೆರೆತದ್ದು. ಅದನ್ನು ಕೆಂಪಗೆ ಕಾಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿ ಹದ ತಂದಿರುತ್ತಾರೆ. ವೆಲ್ಡಿಂಗಿನ ಬೆಂಕಿ ತಗುಲಿದ ಕಡೆ ಆ ಹದ ಹೋಗುತ್ತದೆ. "ಪಾಟಾಕ್ಕ ವೆಲ್ಡಿಂಗ್ ಅಂದ್ರ ಒಡದ ಗಡಗಿಗೆ ಅನ್ನ ಮೆತ್ತಿಧಂಗ" ಅಂದರು ಚಾಚಾ.

ಹಾಗಾಗಿ ನಮ್ಮ ಗಾಡಿಯ ಹಿಂಭಾಗ ಕುಸಿದೂ ಇತ್ತು, ಗಡಸಾಗಿಯೂ ಇತ್ತು. ಬಾಗು ಕಳೆದುಕೊಂಡ ಪಾಟಾ ಕೆಳಗೆ ಕೂತಿದ್ದರಿಂದ ಪ್ರತಿ ತಗ್ಗಿನಲ್ಲೂ ಹೌಸಿಂಗ್ ಮೇಲೆ ಬಂದು ಚಾಸಿಯ ರಬ್ಬರ್ ಗುಬ್ಬಿಗೆ ಹೊಡೆಯುತ್ತಿತ್ತು. ಆ 'ಧಡ್' ಅಂದರೆ ಇದು. ಅದರ ಮೇಲೆ ಇನ್ನೊಂದು ದಪ್ಪ ಪಾಟಾ ಹಾಕಿದ್ದರೆ ಗಾಡಿ ಮೇಲೇನೋ ಏಳುತ್ತಿತ್ತು, ಕುಲುಕು ಇನ್ನೂ ಹೆಚ್ಚುತ್ತಿತ್ತು.

ಕೊನೆಗೆ ಮಾಡಿದ್ದು ಇಷ್ಟು. ದಪ್ಪ ಪಾಟಾ ಹೊರಗೆ. ಮೂಲ ಅಳತೆಯ ಹೊಸ ಪಾಟಾ ಸೆಟ್, ಎಡಕ್ಕೂ ಬಲಕ್ಕೂ. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಮತ್ತೆ ವಾಲುತ್ತದೆ. ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್, ಹೊಸ ಬುಶ್, ಹೊಸ ಜಂಪರ್. ಹಳೆಯ ಯು ಬೋಲ್ಟ್ ಒಮ್ಮೆ ಎಳೆದು ಉದ್ದವಾಗಿರುತ್ತದೆ, ಅದನ್ನು ಮತ್ತೆ ಬಿಗಿದರೆ ಸಡಿಲಾಗುತ್ತದೆ. ಯು ಬೋಲ್ಟ್ ಸಡಿಲಾದರೆ ಸೆಂಟರ್ ಬೋಲ್ಟಿನ ತಲೆ ಹಾರುತ್ತದೆ. ಅದು ಹಾರಿದರೆ ಹೌಸಿಂಗ್ ಓರೆಯಾಗಿ ಗಾಡಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ಗಾಡಿಯನ್ನು ನೆಲಕ್ಕೆ ಇಳಿಸಿ, ಭಾರ ಪಾಟಾದ ಮೇಲೆ ಬಂದ ಮೇಲೆ ನಟ್ಟುಗಳನ್ನು ಅಡ್ಡಡ್ಡಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿದರು. ಮುಂದಿನ ಪಿನ್ನಿನಿಂದ ಗಾಲಿಯ ನಡುವಿಗೆ ಎರಡೂ ಕಡೆ ಟೇಪ್ ಹಿಡಿದು ಅಳೆದರು, ಸಮ ಬಂತು. "ಐನೂರು ಕಿಲೋಮೀಟರ್ ಆದ ಮ್ಯಾಲ ಮತ್ತ ಬಿಗೀಬೇಕ್ರಿ, ಮರೀಬ್ಯಾಡ್ರಿ" ಅಂತ ಎರಡು ಸಲ ಹೇಳಿದರು.

ಕಿತ್ತು ಹಾಕಿದ ಪಾಟಾ ಏನಾಯಿತು ಅಂತೀರಾ? ಕಮ್ಮಾರನ ಮನೆ ಸೇರಿತು. ನಮ್ಮ ಕಡೆ ಒಳ್ಳೆ ಕೊಯ್ತಾ, ಕುಡಗೋಲು ಆಗುವುದು ಹಳೆ ಪಾಟಾದಿಂದಲೇ. ಈ ವರ್ಷ ಕಬ್ಬು ಕಡಿಯುವವರ ಕೈಯಲ್ಲಿ ನಮ್ಮ ಗಾಡಿಯ ಒಂದು ತುಂಡು ಇದ್ದೇ ಇರಬೇಕು.

ಊರಿಗೆ ಬಂದ ಮೇಲೆ ಅಸಲಿ ಜಗಳ ಶುರು. ಆಯಿಯ ಮಂಚ ಇದ್ದದ್ದು ಗಾಡಿಯ ಕಟ್ಟಕಡೆಗೆ, ಹಿಂದಿನ ಕಿಟಕಿಯ ಪಕ್ಕ. ಹಿಂದಿನ ಗಾಲಿಗಿಂತ ಹಿಂದಿರುವ ಜಾಗ ಕೆಟ್ಟದ್ದು. ಗಾಲಿ ಒಂದು ಗೇಣು ಎದ್ದರೆ ಬಾಲ ಅದಕ್ಕಿಂತ ಹೆಚ್ಚು ಏಳುತ್ತದೆ. ಬಸ್ಸಿನ ಕೊನೆ ಸೀಟಿನಲ್ಲಿ ಕೂತವರಿಗೆಲ್ಲ ಗೊತ್ತು. ಎರಡೂ ಗಾಲಿಗಳ ನಡುವಿನ ಜಾಗ ಎಲ್ಲಕ್ಕಿಂತ ಶಾಂತ. ಮಂಚವನ್ನು ಅಲ್ಲಿಗೆ, ಬಲಗಡೆಗೆ ಸರಿಸೋಣ ಅಂದರೆ ಆಯಿ ಒಪ್ಪಲಿಲ್ಲ.

"ಹದಿನೈದು ವರ್ಷ ಆ ಕಿಡಕಿಯಾಗ ಕುಂತ ಊರ ನೋಡ್ಕೋತ ಹೋಗೇನಿ. ಈಗ ನಡುವ ಮಲಗಿಸಿ ಹೆಣ ಒಯ್ದಂಗ ಒಯ್ತೀರೇನು?"

ಇದಕ್ಕೆ ಹ್ಯಾಂಡ್‌ಬುಕ್ಕಿನಲ್ಲಿ ಉತ್ತರ ಇಲ್ಲ. ಕಾಕಾ ಏನೂ ಮಾತಾಡದೆ ಎದ್ದು ಹೋದ. ಮರುದಿನ ಬಡಿಗೇರನನ್ನು ಕರೆದುಕೊಂಡು ಬಂದ. ಮಂಚ ನಡುವಿಗೆ ಬಂತು, ಆದರೆ ಅದರ ಪಕ್ಕದ ಗೋಡೆಯಲ್ಲಿ, ಮಲಗಿದವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಹೊಸ ಕಿಟಕಿ ಕೂಡಿಸಿಕೊಟ್ಟ. ಟಾಕಿ ಮುಂದಕ್ಕೆ, ಕಪಾಟು ಬಲಕ್ಕೆ ಹೋಯಿತು. ಆಯಿ ಮಲಗಿ ನೋಡಿ, "ಹೂಂ, ಕಾಣತೈತಿ" ಅಂದಳು. ಅಷ್ಟಕ್ಕೇ ಕಾಕಾನ ಮುಖ ಅರಳಿತು.

ಅಕ್ಟೋಬರಿನಲ್ಲಿ ಎರಡು ದಿನ ರಜೆ ಹಾಕಿ ಹೋಗಿ ಪರೀಕ್ಷೆ ಓಟ ಮಾಡಿದೆವು. ಆಯಿಯ ಬದಲು ಮಂಚದ ಮೇಲೆ ಎರಡು ಜೋಳದ ಚೀಲ. ರಾಯಬಾಗದಿಂದ ಕುಡಚಿ, ಕೃಷ್ಣಾ ದಾಟಿ ಉಗಾರ, ಶೇಡಬಾಳ, ಕಾಗವಾಡ, ಅಲ್ಲಿಂದ ಅಥಣಿ, ವಾಪಸ್ಸು ದರೂರ, ಹಾರೂಗೇರಿ ಮೇಲೆ ಊರಿಗೆ. ನೂರು ಕಿಲೋಮೀಟರಿಗೆ ಮೇಲೆ. ಚೀಲದ ಮೇಲೆ ಫೋನ್ ಇಟ್ಟು ಅದರ ಅಲುಗಾಟ ಅಳೆಯುವ ಆಪ್ ಚಾಲೂ ಮಾಡಿದ್ದೆ. ಬಿಚ್ಚುವ ಮೊದಲು ಹೀಗೇ ಅಳೆದಾಗ ಸೆಕೆಂಡಿಗೆ ಮೂರರ ಹತ್ತಿರ ಇದ್ದ ಕುಣಿತ ಈಗ ಎರಡಕ್ಕಿಂತ ಕೆಳಗೆ ಇಳಿದಿತ್ತು. 'ಧಡ್' ಒಂದು ಸಲ ಮಾತ್ರ ಕೇಳಿತು, ಅದೂ ಬಣ್ಣ ಬಳಿಯದ ಒಂದು ಹಂಪ್ ಮೇಲೆ. ಆ ದಿನ ಎಲ್ಲೆಲ್ಲಿ ತಗ್ಗಿದೆ, ಎಲ್ಲೆಲ್ಲಿ ಹಂಪ್ ಇದೆ ಅಂತ ಕಾಕಾ ಒಂದು ಡೈರಿಯಲ್ಲಿ ಬರೆದುಕೊಂಡ. ಆಮೇಲಿನ ವಾರಗಳಲ್ಲಿ ಅವನೊಬ್ಬನೇ ಇನ್ನಷ್ಟು ಓಡಿಸಿ ಐನೂರು ಕಿಲೋಮೀಟರು ತುಂಬಿಸಿ, ಯು ಬೋಲ್ಟ್ ಬಿಗಿಸಿಕೊಂಡು ಬಂದ.

ಹೊರಟದ್ದು ಏಕಾದಶಿಗೆ ಮೂರು ದಿನ ಮೊದಲು. ಅಥಣಿ, ಜತ್ತ, ಸಾಂಗೋಲಾ ದಾರಿ. ನಲವತ್ತರ ಮೇಲೆ ಮುಳ್ಳು ಹೋಗಲಿಲ್ಲ. ಆಯಿ ತನ್ನ ಹೊಸ ಕಿಟಕಿಯಿಂದ ಯಾರ ಹೊಲದಲ್ಲಿ ಯಾವ ಪೀಕು ಅಂತ ವರದಿ ಕೊಡುತ್ತಿದ್ದಳು. ಜತ್ತದ ಆಚೆ ಸದ್ದು ನಿಂತಿತು. ಕಾಕಾ ಗಾಬರಿಯಾಗಿ ಗಾಡಿ ಪಕ್ಕಕ್ಕೆ ಹಾಕಿದ. ನಾನು ಎದ್ದು ನೋಡಿದೆ. ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು.

ಪಂಢರಾಪುರದಲ್ಲಿ ಆ ಗದ್ದಲದ ಸಾಲಿನಲ್ಲಿ ಅವಳನ್ನು ನಿಲ್ಲಿಸುವ ಹಾಗಿರಲಿಲ್ಲ. ಏಕಾದಶಿಯ ಹಿಂದಿನ ದಿನ ನಸುಕಿನಲ್ಲಿ ಗಾಲಿಕುರ್ಚಿಯಲ್ಲಿ ನಾಮದೇವ ಪಾಯರಿಯವರೆಗೆ ಹೋಗಿ, ಮೆಟ್ಟಿಲು ಮುಟ್ಟಿ ನಮಸ್ಕಾರ ಮಾಡಿ, ಕಳಸ ನೋಡಿ ಕೈಮುಗಿದಳು. "ಸಾಕು, ಅಂವಗ ಗೊತ್ತಾತು ನಾ ಬಂದೇನಿ ಅಂತ" ಅಂದಳು. ಬೆನ್ನು ನೋಯ್ತದೇನು ಅಂತ ಕಾಕಾ ಹೋಗುವಾಗ ಬರುವಾಗ ಹತ್ತು ಹತ್ತು ಸಲ ಕೇಳಿದ. ಬರುವಾಗ ಹನ್ನೊಂದನೆಯ ಸಲಕ್ಕೆ ಬೈಸಿಕೊಂಡ.

ಈಗ ಗಾಡಿಯ ದಿನಚರಿ ಬದಲಾಗಿದೆ. ಊರು ಮುಟ್ಟಿದ ಕೂಡಲೇ ಟಾಕಿ ಖಾಲಿ, ಸಿಲಿಂಡರು, ಪಾತ್ರೆ, ಹಾಸಿಗೆ ಕೆಳಗೆ. ಹಿಂದಿನ ಚಾಸಿಗೆ ಜಾಕ್ ಕೊಟ್ಟು ಎತ್ತಿ, ಜಾಲಿ ಮರದ ದಪ್ಪ ದಿಮ್ಮಿಗಳ ಮೇಲೆ ಕೂಡಿಸುತ್ತಾರೆ, ಪಾಟಾದ ಮೇಲಿನ ಭಾರ ಹೋಗುವಷ್ಟು. ಮುಂದಿನ ಗಾಲಿಗೆ ಕಲ್ಲಿನ ಅಡ್ಡ. ಇಟ್ಟಿಗೆ ಮಾತ್ರ ಇಡಬಾರದು, ಒಮ್ಮೆಲೇ ಪುಡಿಯಾದೀತು, ಕೆಳಗೆ ಯಾರಾದರೂ ಇದ್ದರೆ ಮುಗಿಯಿತು. ತಿಂಗಳಿಗೊಮ್ಮೆ ಪಿನ್ನಿಗೆ ಗ್ರೀಸು. ಪಾಟಾಕ್ಕೆ ಸುಟ್ಟ ಆಯಿಲ್ ಬಳಿಯುವ ಹಳೆ ಪದ್ಧತಿ ಚಾಚಾ ಬಿಡಿಸಿದರು. ಅದಕ್ಕೆ ನಮ್ಮ ಎರಿ ಮಣ್ಣಿನ ಧೂಳು ಅಂಟಿ ಉಜ್ಜುವ ಕಾಗದದ ಹಾಗೆ ಆಗುತ್ತದೆ, ರಬ್ಬರ್ ಬುಶ್ ಊದಿ ಹಾಳಾಗುತ್ತದೆ. ತೊಳೆದು, ಒಣಗಿಸಿ, ತುಕ್ಕು ಹತ್ತದಂತೆ ನೋಡಿಕೊಂಡರೆ ಸಾಕು. ವರ್ಷಕ್ಕೊಮ್ಮೆ ಬ್ಯಾಟರಿ ಹಿಡಿದು ಒಂದೊಂದು ಪಾಟಾದಲ್ಲೂ ಸೀಳಿದೆಯೇ ಅಂತ ನೋಡಬೇಕು, ನೆಲದಿಂದ ಎಡ-ಬಲ ಎತ್ತರ ಅಳೆದು ಡೈರಿಯಲ್ಲಿ ಬರೆದಿಡಬೇಕು. ಕಾಕಾನ ಡೈರಿಯಲ್ಲಿ ತಗ್ಗುಗಳ ಪಟ್ಟಿಯ ಕೆಳಗೇ ಈಗ ಆ ಅಳತೆಗಳೂ ಇವೆ.

ಮೊದಲ ಸಲ ದಿಮ್ಮಿಯ ಮೇಲೆ ಗಾಡಿ ಕೂಡಿಸಿದ ದಿನ ಕಾಕೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೇ ತಿಂಗಳಿಂದ ಆಯಿಯ ಸ್ನಾನ, ಊಟ, ರಾತ್ರಿ ಎದ್ದು ಕೂಡಿಸುವುದು ಎಲ್ಲ ಅವಳದ್ದೇ. ಸೆರಗಿನಿಂದ ಮುಖ ಒರೆಸಿಕೊಂಡು "ಗಾಡಿಗಾದ್ರೂ ಸೂಟಿ ಸಿಕ್ತಲ್ಲ, ಪುಣ್ಯಾ ಮಾಡೇತಿ" ಅಂದು ನಕ್ಕಳು. ಕಾಕಾ ಜಾಕ್ ತಿರುಗಿಸುವುದು ನಿಲ್ಲಿಸಿದ. ನಾನು ಅಪ್ಪನಿಗೆ ಆ ರಾತ್ರಿಯೇ ಫೋನ್ ಮಾಡಿದೆ. ಈಗ ಆಯಿ ವರ್ಷದಲ್ಲಿ ಮೂರು ತಿಂಗಳು ಪುಣೆಯಲ್ಲಿ ಅಪ್ಪ-ಅವ್ವನ ಹತ್ತಿರ ಇರುತ್ತಾಳೆ. ಕರೆದುಕೊಂಡು ಹೋಗುವುದು ಅದೇ ಗಾಡಿ. ಮೊದಲ ಸಲ ಅವಳನ್ನು ಬಿಟ್ಟು ಬಂದ ಮೇಲೆ ಕಾಕೂ ಎಂಟು ದಿನ ತವರಿಗೆ, ಅಥಣಿಗೆ, ಹೋಗಿ ಬಂದಳಂತೆ. ಎಷ್ಟೋ ವರ್ಷದ ಮೇಲೆ.

ಪುರಾಣ ಉದ್ದವಾಯಿತು. ಹೋಗುವ ಮುಂಚೆ ಒಂದು ಕೆಲಸ ಮಾಡಿ: ಪಾಟಾಕ್ಕೆ ನಿಮ್ಮೂರಲ್ಲಿ ಏನನ್ನುತ್ತಾರೆ ಅಂತ ಒಂದು ಸಾಲು ಬರೆದು ಹೋಗಿ. ಮಂಗಳೂರು, ಬಳ್ಳಾರಿ, ಬೀದರದವರು ವಿಶೇಷವಾಗಿ. ಚಾಚಾನಿಗೆ ಓದಿ ಹೇಳಬೇಕು :-)